ಇನ್‌ಸೈಟ್ ಕಾರುಗಳ ಮೇಳ: ಎಲ್ಲಿ, ಎಂದು, ಏತಕ್ಕೆ?

ಒಂದು ಹನಿ ಪೆಟ್ರೋಲನ್ನೂ ವ್ಯರ್ಥಮಾಡಬಾರದೆಂದು ಹಟತೊಟ್ಟ ಜನರು, ಒಬ್ಬರನ್ನೊಬ್ಬರು ಕಾಣುವ ಸಲುವಾಗಿ, ಸಾವಿರಾರು ಕಿಲೋಮೀಟರುಗಳ ದಾರಿಯುದ್ದಕ್ಕೂ ಪೆಟ್ರೋಲನ್ನು ಸುಟ್ಟುಕೊಂಡು ಬಂದು ಒಂದೆಡೆ ಸೇರುವುದು ವಿಚಿತ್ರವೆಂದು ತೋರದಿರದು. ಮಿತವ್ಯಯವನ್ನು ಬೋಧಿಸುವ ಸಭೆಗೆ ಅಮಿತವ್ಯಯವೇ ಮುನ್ನುಡಿಯಾದಂತಲ್ಲವೆ? ಆದರೂ ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಹೈಬ್ರಿಡ್ ಕಾರುಗಳ ಮಾಲೀಕರು ಇಂಥ ಮೇಳಗಳನ್ನು ನಡೆಸಿರುವುದುಂಟು. 2006ರಲ್ಲಿ ವಿಸ್ಕಾನ್ಸಿನ್ ಸಂಸ್ಥಾನದ ಮ್ಯಾಡಿಸನ್ ನಗರದಲ್ಲಿ ನಡೆದ ಹೈಬ್ರಿಡ್‌ಫೆಸ್ಟ್ ಎಂಬ ಮೇಳದಲ್ಲಿ, ಕಡಮೆ ಪೆಟ್ರೋಲಿನಲ್ಲಿ ಹೆಚ್ಚು ದೂರ ಓಡಿಸುವ ಸ್ಪರ್ಧೆಯೇ ಮುಖ್ಯ ಆಕರ್ಷಣೆಯಾಗಿದ್ದಿತು.

ಅಂಥ ಒಂದು ರಾಷ್ಟ್ರೀಯ ಮೇಳವನ್ನು ಯೋಜಿಸುವ ಹೊಣೆ ನಮ್ಮ ಮೇಲೆ ಬಿದ್ದಿತೆಂದು ಭಾವಿಸೋಣ. ಮೇಳವನ್ನು ಎಲ್ಲಿ ಕೂಡಿಸಬೇಕು? ಯಾವ ಋತುವಿನಲ್ಲಿ? ಅಲ್ಲಿ ಏನು ನಡೆಯಬೇಕು? ಕೊನೆಯದಾಗಿ, ಅಲ್ಲಿ ಸುಟ್ಟ ಪೆಟ್ರೋಲಿಗೆ ತಕ್ಕ ಪ್ರತಿಫಲ ದೊರೆಯುವುದೆ? ಇವು ಬರಿಯ ವ್ಯವಸ್ಥೆಯ ಪ್ರಶ್ನೆಗಳಂತೆ ಕಂಡರೂ, ಒಂದೊಂದರ ಒಳಗೂ ಗಣಿತದ ಅಥವಾ ಭೌತಶಾಸ್ತ್ರದ ಒಂದು ಸಮಸ್ಯೆ ಅಡಗಿದೆ.

ಮೇಳಕ್ಕೆ ಕಾರಣವಾದ ಕಾರು

ಹೋಂಡಾ ಕಂಪನಿಯ ಮೊದಲ ತಲೆಮಾರಿನ ಇನ್‌ಸೈಟ್ ಕಾರನ್ನು ನಾವು ಉದಾಹರಣೆಯಾಗಿ ಆರಿಸಿಕೊಳ್ಳುವೆವು. ಜಪಾನಿನಲ್ಲಿ ನಿರ್ಮಿತವಾದ ಈ ಕಾರು 1999ರ ಡಿಸೆಂಬರಿನಲ್ಲಿ ಅಮೆರಿಕದ ಮಾರುಕಟ್ಟೆಯನ್ನು ಪ್ರವೇಶಿಸಿತು. ಟೊಯೋಟಾ ಕಂಪನಿಯ ಪ್ರಿಯಸ್ ಜಪಾನಿನಲ್ಲಿ 1997ರಲ್ಲಿಯೇ ಹೊರಬಂದಿದ್ದರೂ, ಅಮೆರಿಕದಲ್ಲಿ ಮಾರಾಟವಾದ ಈ ಯುಗದ ಮೊದಲ ಹೈಬ್ರಿಡ್ ಕಾರೆಂಬ ಕೀರ್ತಿ ಇನ್‌ಸೈಟಿಗೆ ಸಂದಿತು. 2006ರಲ್ಲಿ ಇದರ ತಯಾರಿಕೆ ನಿಂತಿತು. ಅಷ್ಟರೊಳಗೆ ಪ್ರಪಂಚದಲ್ಲೆಲ್ಲ ಸೇರಿ ಸುಮಾರು 17,000 ಕಾರುಗಳು ಮಾತ್ರ ತಯಾರಾಗಿದ್ದವು. ಇದೇ ಹೆಸರನ್ನು ಹೊತ್ತು ಮುಂದೆ ಬಂದ ಕಾರುಗಳು ಬೇರೆಯೇ ಬಗೆಯವು.

ಹೈಬ್ರಿಡ್ ಎಂದರೆ ಸಂಕರ. ಎರಡು ಬಗೆಯ ಚಾಲಕ ಯಂತ್ರಗಳು ಒಂದೇ ಗಾಡಿಯಲ್ಲಿ ಸೇರಿರುವುದರಿಂದ ಈ ಹೆಸರು ಬಂದಿದೆ. ಇನ್‌ಸೈಟಿನಲ್ಲಿ ಮೂರು ಸಿಲಿಂಡರುಗಳ, ಒಂದು ಲೀಟರಿಗಿಂತ ತುಸುವೇ ಕಡಮೆ ಗಾತ್ರದ ಪೆಟ್ರೋಲ್ ಎಂಜಿನ್ನಿದೆ. ಎಂಜಿನ್ನಿಗೂ ಗೇರು ಪೆಟ್ಟಿಗೆಗೂ ನಡುವೆ ಕೇವಲ 6 ಸೆಂಟಿಮೀಟರ್ ದಪ್ಪದ, 10 ಕಿಲೋವಾಟ್ ಸಾಮರ್ಥ್ಯದ ವಿದ್ಯುನ್ಮೋಟಾರು ಕುಳಿತಿದೆ. ವೇಗವನ್ನು ಹೆಚ್ಚಿಸಬೇಕಾದಾಗ ಈ ಮೋಟಾರು ಎಂಜಿನ್ನಿಗೆ ಹೆಗಲುಕೊಡುತ್ತದೆ. ಬ್ರೇಕು ಹಾಕಿದಾಗ ಅದೇ ಜನಕಯಂತ್ರವಾಗಿ, ಶಾಖವಾಗಿ ಹೋಗಬಹುದಾಗಿದ್ದ ಶಕ್ತಿಯ ಒಂದು ಪಾಲನ್ನು ವಿದ್ಯುತ್ತಾಗಿಸಿ ಬ್ಯಾಟರಿಗೆ ಮರಳಿಸುತ್ತದೆ.

ಕಾರಿನಲ್ಲಿ ಇಬ್ಬರಿಗೆ ಮಾತ್ರ ಆಸನ. ಒಡಲು ಅಲ್ಯೂಮಿನಿಯಮಿನದು, ಅಷ್ಟೇ ಗಾತ್ರದ ಉಕ್ಕಿನ ಒಡಲಿಗಿಂತ ಸುಮಾರು ಶೇಕಡ 40ರಷ್ಟು ಹಗುರ. ಗಾಳಿಯು ಸರಾಗವಾಗಿ ಜಾರಿಹೋಗಲೆಂದು ಹಿಂದಿನ ಚಕ್ರಗಳಿಗೂ ಮುಚ್ಚಳವುಂಟು. ಅಮೆರಿಕದ ಸರಕಾರವು ನಿಗದಿಪಡಿಸಿದ ಹಳೆಯ ಪರೀಕ್ಷೆಯಲ್ಲಿ ಇದು ನಗರದ ಓಟಕ್ಕೆ ಲೀಟರಿಗೆ ಸುಮಾರು 26 ಕಿಲೋಮೀಟರ್, ಹೆದ್ದಾರಿಯ ಓಟಕ್ಕೆ ಸುಮಾರು 30 ಕಿಲೋಮೀಟರ್ ಎಂಬ ಗಣನೆಯನ್ನು ಪಡೆಯಿತು. 2008ರಲ್ಲಿ ಪರೀಕ್ಷೆಯ ಕ್ರಮವನ್ನು ಬಿಗಿಗೊಳಿಸಿ ಹಳೆಯ ಕಾರುಗಳ ಅಂಕಗಳನ್ನೂ ತಿದ್ದಿದಾಗ, ಒಟ್ಟಾರೆ ಸರಾಸರಿ ಸುಮಾರು 22.5 ಕಿಲೋಮೀಟರಿಗೆ ಇಳಿಯಿತು. ಇಳಿದರೂ, 2016ರ ಪ್ರಿಯಸ್ ಇಕೋ ಬರುವ ತನಕ ಹೊರಗಿನಿಂದ ವಿದ್ಯುತ್ತನ್ನು ತುಂಬಿಕೊಳ್ಳದ ಕಾರುಗಳಲ್ಲಿ ಇದನ್ನು ಮೀರಿಸಿದುದು ಅಲ್ಲಿ ಇರಲಿಲ್ಲ.

ಎಲ್ಲಿ ಸೇರಬೇಕು?

ಅಮೆರಿಕದ ಒಂದು ಕಡಲತೀರದಿಂದ ಮತ್ತೊಂದಕ್ಕೆ ಸುಮಾರು 4,500 ಕಿಲೋಮೀಟರ್ ದೂರ. ಮೇಳವನ್ನು ನಡುವಿನಲ್ಲಿ ಕೂಡಿಸಿದರಾಯಿತೆಂದು ಯಾರಾದರೂ ಹೇಳಿಯಾರು. ಆದರೆ ನಡು ಎಂದರೆ ಯಾವುದು?

ಪರಸ್ಪರ ಹೊಂದಿಕೊಂಡಿರುವ 48 ಸಂಸ್ಥಾನಗಳ ಭೂಪಟದ ನಡು, ಕ್ಯಾನ್ಸಸ್ ಸಂಸ್ಥಾನದ ಲೆಬನಾನ್ ಎಂಬ ಊರಿನ ಬಳಿ ಬೀಳುತ್ತದೆ. ಜನಸಂಖ್ಯೆಯ ನಡುವನ್ನು ಹುಡುಕಿದರೆ ಬೇರೊಂದು ತಾಣ ದೊರೆಯುತ್ತದೆ. ತೂಕವಿಲ್ಲದ ಹಲಗೆಯ ಮೇಲೆ ದೇಶದ ಪ್ರಜೆಗಳೆಲ್ಲರೂ, ಒಬ್ಬೊಬ್ಬರೂ ಸಮತೂಕದವರಾಗಿ, ಅವರವರ ಊರಿನ ಜಾಗದಲ್ಲಿ ನಿಂತರೆ, ಯಾವ ಬಿಂದುವಿನ ಮೇಲೆ ಆ ಹಲಗೆ ತೂಗಿ ನಿಲ್ಲುವುದೋ ಅದೇ ಜನಸಂಖ್ಯೆಯ ಕೇಂದ್ರ. 1790ರ ಮೊದಲ ಜನಗಣತಿಯಲ್ಲಿ ಅದು ಪೂರ್ವತೀರದ ಮೇರಿಲ್ಯಾಂಡಿನಲ್ಲಿದ್ದಿತು. ಜನರು ಪಶ್ಚಿಮಕ್ಕೆ ಸರಿದಂತೆಲ್ಲ ತಾನೂ ಸರಿಯುತ್ತ, 2020ರಲ್ಲಿ ಮಿಸೌರಿ ಸಂಸ್ಥಾನದ ಹಾರ್ಟ್‌ವಿಲ್ ಎಂಬ ಊರಿನ ಬಳಿ ಬಂದಿತ್ತು.

ಇಷ್ಟರಿಂದಲೇ ನಮ್ಮ ಪ್ರಶ್ನೆ ಬಗೆಹರಿಯದು. ತೂಗಿ ನಿಲ್ಲುವ ಬಿಂದುವು ಒಟ್ಟು ಪ್ರಯಾಣವನ್ನು ಅತ್ಯಂತ ಕಡಮೆ ಮಾಡುವ ಬಿಂದುವಲ್ಲ. ಒಂದು ಚಿಕ್ಕ ಲೆಕ್ಕವನ್ನು ಮಾಡಿ ನೋಡೋಣ. ನೇರವಾದ ಒಂದು ರಸ್ತೆಯ ಮೇಲೆ ಐದು ಮಂದಿ ಮಾಲೀಕರಿದ್ದಾರೆ. ಇಬ್ಬರು ರಸ್ತೆಯ ಮೊದಲಲ್ಲಿಯೇ ಇದ್ದಾರೆ. ಮೂರನೆಯವರು 100, ನಾಲ್ಕನೆಯವರು 200, ಐದನೆಯವರು 2,200 ಕಿಲೋಮೀಟರ್ ಕಲ್ಲಿನ ಬಳಿ ಇದ್ದಾರೆ. ಇವರ ಸರಾಸರಿ 500ನೆಯ ಕಲ್ಲು. ಅಲ್ಲಿ ಸೇರಿದರೆ ಐವರೂ ಹೋಗಬೇಕಾದ ಒಟ್ಟು ದೂರ 3,400 ಕಿಲೋಮೀಟರ್. ಅದರ ಬದಲು ಸಾಲಿನಲ್ಲಿ ಮಧ್ಯದವರಾದ ಮೂರನೆಯವರ ಊರಿನಲ್ಲಿ, ಎಂದರೆ 100ನೆಯ ಕಲ್ಲಿನಲ್ಲಿ ಸೇರಿದರೆ ಒಟ್ಟು ದೂರ 2,400 ಕಿಲೋಮೀಟರಿಗೆ ಇಳಿಯುತ್ತದೆ. ಆದರೆ ಐದನೆಯವರೊಬ್ಬರೇ ಅದರಲ್ಲಿ 2,100 ಕಿಲೋಮೀಟರ್ ಸವೆಸಬೇಕು! ಅವರಿಗೆ ಅನ್ಯಾಯವಾಗದಿರಲೆಂದು 1,100ನೆಯ ಕಲ್ಲಿನಲ್ಲಿ ಸೇರಿದರೆ ಯಾರಿಗೂ 1,100ಕ್ಕಿಂತ ಹೆಚ್ಚು ದೂರವಿಲ್ಲ; ಒಟ್ಟು ದೂರ ಮಾತ್ರ 5,200ಕ್ಕೆ ಏರುತ್ತದೆ. ಪ್ರಶ್ನೆ ಒಂದೇ ಎಂದು ತೋರಿದರೂ ಉತ್ತರಗಳು ಮೂರು. ಯಾವುದನ್ನು ಉಳಿಸಬೇಕೆಂಬುದನ್ನು ಮೊದಲು ನಿಶ್ಚಯಿಸದೆ ಗಣಿತವು ನಮಗೆ ನೆರವಾಗಲಾರದು.

ಊರುಗಳು ಒಂದೇ ರಸ್ತೆಯ ಮೇಲಿರದೆ ದೇಶದಲ್ಲೆಲ್ಲ ಹರಡಿರುವಾಗ ಈ ಲೆಕ್ಕ ಇನ್ನಷ್ಟು ಕಠಿನವಾಗುತ್ತದೆ. ಮೂರು ಬಿಂದುಗಳಿಂದ ಒಟ್ಟು ದೂರ ಅತ್ಯಲ್ಪವಾಗುವ ಸ್ಥಾನ ಯಾವುದೆಂದು ಹದಿನೇಳನೆಯ ಶತಮಾನದಲ್ಲಿ ಫ್ರಾನ್ಸಿನ ಗಣಿತಜ್ಞ ಫರ್ಮಾ ಕೇಳಿದನು. ವಾಯುಭಾರಮಾಪಕದಿಂದ ನಮಗೆಲ್ಲ ಪರಿಚಿತನಾದ ಟಾರಿಚೆಲ್ಲಿ ಅದನ್ನು ಬಿಡಿಸಿದನು. 1909ರಲ್ಲಿ ಜರ್ಮನಿಯ ಆಲ್‌ಫ್ರೆಡ್ ವೇಬರನು ಕಾರ್ಖಾನೆಗಳನ್ನು ಎಲ್ಲಿ ಸ್ಥಾಪಿಸಬೇಕೆಂಬ ವಿಚಾರಕ್ಕೆ ಇದೇ ತತ್ತ್ವವನ್ನು ಅನ್ವಯಿಸಿದನು.

ಇದನ್ನು ಶಾಲೆಯ ಪ್ರಯೋಗಶಾಲೆಯಲ್ಲಿಯೇ ಮಾಡಿ ನೋಡಬಹುದು. ಒಂದು ಹಲಗೆಯ ಮೇಲೆ ಭೂಪಟವನ್ನು ಅಂಟಿಸಿ, ಮಾಲೀಕರಿರುವ ಊರುಗಳಲ್ಲಿ ನಯವಾದ ತೂತುಗಳನ್ನು ಕೊರೆಯಬೇಕು. ಒಂದೊಂದು ತೂತಿನಲ್ಲಿಯೂ ಒಂದೊಂದು ದಾರವನ್ನು ಇಳಿಬಿಟ್ಟು, ಮೇಲಿನ ತುದಿಗಳನ್ನೆಲ್ಲ ಒಂದೇ ಗಂಟಿನಲ್ಲಿ ಸೇರಿಸಿ, ಕೆಳಗಿನ ತುದಿಗಳಿಗೆ ಆಯಾ ಊರಿನ ಕಾರುಗಳ ಸಂಖ್ಯೆಗೆ ತಕ್ಕ ತೂಕಗಳನ್ನು ಕಟ್ಟಬೇಕು. ಕೈಬಿಟ್ಟೊಡನೆ ಗಂಟು ಅತ್ತಿತ್ತ ಜಾರಿ ಎಲ್ಲಿ ನಿಲ್ಲುವುದೋ ಅದೇ ಒಟ್ಟು ಪ್ರಯಾಣ ಅತ್ಯಲ್ಪವಾಗುವ ತಾಣ. ಹಲಗೆಯನ್ನು ತೂಗಿದರೆ ಸರಾಸರಿ, ದಾರವನ್ನು ಬಿಟ್ಟರೆ ಮಿತವ್ಯಯ! ಮೇಳದ ಯೋಜಕರು ಮೊದಲು ಮಾಡಬೇಕಾದ ಕೆಲಸವೆಂದರೆ ಊರೂರಿನಲ್ಲಿ ಎಷ್ಟು ಕಾರುಗಳು ಉಳಿದಿವೆಯೆಂಬ ಪಟ್ಟಿಯನ್ನು ತಯಾರಿಸುವುದು. ಪಟ್ಟಿಯಿಲ್ಲದೆ ತೂಕವಿಲ್ಲ, ತೂಕವಿಲ್ಲದೆ ಗಂಟು ನಿಲ್ಲದು.

ಎಂದು ಸೇರಬೇಕು?

ಚಳಿಗಾಲವನ್ನು ಮೊದಲೇ ಬಿಡಬೇಕು. 30 ಅಂಶದ ಉಷ್ಣತೆಯ ಗಾಳಿಗಿಂತ ಸೊನ್ನೆ ಅಂಶದ ಗಾಳಿ ಸುಮಾರು ಶೇಕಡ 11ರಷ್ಟು ಹೆಚ್ಚು ಸಾಂದ್ರವಾಗಿರುವುದರಿಂದ ಅದನ್ನು ಸೀಳಿಕೊಂಡು ಹೋಗಲು ಅಷ್ಟೇ ಹೆಚ್ಚು ಬಲ ಬೇಕು. ತಣ್ಣಗಾದ ಎಂಜಿನ್ನು ಕಾವೇರುವ ತನಕ ಪೆಟ್ರೋಲನ್ನು ಧಾರಾಳವಾಗಿ ಕುಡಿಯುತ್ತದೆ. ಕಡು ಬೇಸಗೆಯೂ ತರವಲ್ಲ. ಈ ಕಾರಿನಲ್ಲಿರುವ ನಿಕಲ್-ಮೆಟಲ್ ಹೈಡ್ರೈಡ್ ಬಗೆಯ ಬ್ಯಾಟರಿಯು ಬಹಳ ಬಿಸಿಯಾದಾಗ ಪೂರ್ತಿ ವಿದ್ಯುತ್ತನ್ನು ತುಂಬಿಕೊಳ್ಳದು. ಅದರ ಆಯುಷ್ಯವೂ ಕುಗ್ಗುತ್ತದೆ. ಆದುದರಿಂದ ಮೇ ಅಥವಾ ಸೆಪ್ಟೆಂಬರ್ ತಿಂಗಳು ಯೋಗ್ಯ. ಹಗಲು ಸುಮಾರು ಹನ್ನೆರಡು ಗಂಟೆ ಅಥವಾ ಅದಕ್ಕಿಂತ ಹೆಚ್ಚಾಗಿರುವುದು ದೂರ ಪ್ರಯಾಣಿಕರಿಗೆ ಇನ್ನೊಂದು ಅನುಕೂಲ.

ಓಟದ ಪರೀಕ್ಷೆ

ಮಿತವ್ಯಯದ ಓಟವಿಲ್ಲದೆ ಇಂಥ ಮೇಳ ಸಪ್ಪೆ. ಪೆಟ್ರೋಲನ್ನು ಉಳಿಸಿ ಗಾಡಿಯೋಡಿಸುವ ಈ ಕಲೆಗೆ ಇಂಗ್ಲಿಷಿನಲ್ಲಿ ಹೈಪರ್‌ಮೈಲಿಂಗ್ ಎಂಬ ಹೊಸ ಪದವೇ ಹುಟ್ಟಿತು. ನ್ಯೂ ಆಕ್ಸ್‌ಫರ್ಡ್ ಅಮೆರಿಕನ್ ನಿಘಂಟಿನವರು ಅದರ ಒಂದು ರೂಪವನ್ನು 2008ರ ವರ್ಷದ ಪದವೆಂದು ಆರಿಸಿದರು. ಆದರೆ ಓಡಿಸುವುದಕ್ಕಿಂತ ಅಳೆಯುವುದೇ ಕಷ್ಟದ ಕೆಲಸ. ಇಲ್ಲಿ ಮೂರು ಬಲೆಗಳುಂಟು.

ಮೊದಲನೆಯದು ಬ್ಯಾಟರಿ. ಇದು 144 ವೋಲ್ಟುಗಳದು. ಧಾರಣ ಸಾಮರ್ಥ್ಯ 6.5 ಆಂಪಿಯರ್-ಗಂಟೆ. ಎರಡನ್ನೂ ಗುಣಿಸಿದರೆ 936 ವಾಟ್-ಗಂಟೆ, ಎಂದರೆ ಒಂದು ಕಿಲೋವಾಟ್-ಗಂಟೆಗೂ ಕಡಮೆ. ಒಂದು ಲೀಟರ್ ಪೆಟ್ರೋಲು ಉರಿದರೆ ಸುಮಾರು 9 ಕಿಲೋವಾಟ್-ಗಂಟೆಗಳ ಶಾಖ ಹೊರಡುತ್ತದೆ. ಎಂಜಿನ್ನು ಅದರ ಮೂರನೆಯ ಒಂದು ಭಾಗವನ್ನು ಕೆಲಸವಾಗಿಸಿತೆಂದರೆ 3 ಕಿಲೋವಾಟ್-ಗಂಟೆ. ಈಗ 30 ಕಿಲೋಮೀಟರಿನ ಓಟದಲ್ಲಿ ಒಬ್ಬ ಚಾಲಕನು ತುಂಬಿದ ಬ್ಯಾಟರಿಯೊಡನೆ ಹೊರಟು, ಅರ್ಧ ಬರಿದಾದ ಬ್ಯಾಟರಿಯೊಡನೆ ಮರಳಿದನೆನ್ನೋಣ. ಅವನಿಗೆ ಸುಮಾರು 150 ಮಿಲಿಲೀಟರ್ ಪೆಟ್ರೋಲಿನ ಕೆಲಸ ಲೆಕ್ಕಕ್ಕೆ ಸಿಗದೆ ದೊರೆತಂತಾಯಿತು. ಓಟಕ್ಕೆ ಬೇಕಾದುದೇ ಒಂದು ಲೀಟರ್! ಆದುದರಿಂದ ಹೊರಡುವಾಗಲೂ ಮರಳುವಾಗಲೂ ಬ್ಯಾಟರಿಯ ಮಟ್ಟ ಒಂದೇ ಆಗಿರಬೇಕು. ಇಲ್ಲವೆ ಓಟವು ಬಹು ದೀರ್ಘವಾಗಿರಬೇಕು. 300 ಕಿಲೋಮೀಟರಿನ ಓಟದಲ್ಲಿ ಇದೇ ದೋಷ ಶೇಕಡ ಒಂದೂವರೆಯಷ್ಟಕ್ಕೆ ಇಳಿಯುತ್ತದೆ.

ಎರಡನೆಯದು ಪೆಟ್ರೋಲಿನ ವ್ಯಾಕೋಚನ. ಉಷ್ಣತೆ 10 ಅಂಶ ಏರಿದರೆ ಪೆಟ್ರೋಲಿನ ಗಾತ್ರ ಸುಮಾರು ಶೇಕಡ ಒಂದರಷ್ಟು ಹಿಗ್ಗುತ್ತದೆ. 40 ಲೀಟರಿನ ತುಂಬಿದ ಟ್ಯಾಂಕಿನಲ್ಲಿ ಇದು ಹೆಚ್ಚುಕಡಮೆ 400 ಮಿಲಿಲೀಟರ್. ಬೆಳಗಿನ ತಂಪಿನಲ್ಲಿ ಟ್ಯಾಂಕನ್ನು ತುಂಬಿ, 100 ಕಿಲೋಮೀಟರ್ ಓಡಿಸಿ, ನಡುಹಗಲಿನಲ್ಲಿ ಮತ್ತೆ ತುಂಬಿ ವ್ಯಯವನ್ನು ಅಳೆದರೆ, ಮೂರು ಲೀಟರಿಗಿಂತ ತುಸು ಹೆಚ್ಚಿನ ಖರ್ಚಿನಲ್ಲಿ ಹತ್ತನೆಯ ಒಂದು ಪಾಲಿಗೂ ಮಿಕ್ಕ ತಪ್ಪು ನುಸುಳಬಹುದು. ಒಂದೇ ಪಂಪಿನಲ್ಲಿ, ಕಾರನ್ನು ಒಂದೇ ದಿಕ್ಕಿಗೆ ನಿಲ್ಲಿಸಿ, ಸಾಧ್ಯವಾದಷ್ಟು ಒಂದೇ ಉಷ್ಣತೆಯಲ್ಲಿ ತುಂಬಿಸುವುದು ಅವಶ್ಯ.

ಮೂರನೆಯದು ಗಾಳಿ. ಹೋಗುವಾಗ ಎದುರುಗಾಳಿ, ಬರುವಾಗ ಹಿಂಗಾಳಿ, ಎರಡಕ್ಕೂ ವಜಾ ಎಂದು ನಾವು ಭಾವಿಸುವೆವು. ಅದು ಸರಿಯಲ್ಲ. ಗಾಳಿಯ ತಡೆಯು ವೇಗದ ವರ್ಗಕ್ಕೆ ಅನುಗುಣವಾಗಿ ಬೆಳೆಯುತ್ತದೆ. ಗಂಟೆಗೆ 80 ಕಿಲೋಮೀಟರ್ ವೇಗದ ಕಾರಿಗೆ 20 ಕಿಲೋಮೀಟರ್ ವೇಗದ ಗಾಳಿ ಎದುರಾದರೆ 100ರ ವರ್ಗ 10,000. ಹಿಂದಿನಿಂದ ಬಂದರೆ 60ರ ವರ್ಗ 3,600. ಇವುಗಳ ಸರಾಸರಿ 6,800. ಗಾಳಿಯೇ ಇಲ್ಲದಿದ್ದರೆ 80ರ ವರ್ಗ 6,400 ಮಾತ್ರ. ಹೋಗಿ ಬಂದರೂ ಗಾಳಿಯ ತಡೆ ಶೇಕಡ 6ರಷ್ಟು ಹೆಚ್ಚಾಗಿಯೇ ಉಳಿಯಿತು. ಆದುದರಿಂದ ಸ್ಪರ್ಧಿಗಳೆಲ್ಲರೂ ಹೆಚ್ಚು ಅಂತರವಿಲ್ಲದೆ ಒಂದೇ ಹೊತ್ತಿನಲ್ಲಿ ಓಡಬೇಕು.

ಇವುಗಳ ಜೊತೆಗೆ ಒಂದು ಕಟ್ಟುನಿಟ್ಟು ಅಗತ್ಯ. ಆಮೆಯಂತೆ ತೆವಳಿ ಬಹುಮಾನ ಗೆಲ್ಲುವುದನ್ನು ತಡೆಯಲು ಓಟಕ್ಕೆ ಕಾಲಮಿತಿಯಿರಬೇಕು. ಗಾಳಿಯ ಮರೆ ಸಿಗಲೆಂದು ದೊಡ್ಡ ಲಾರಿಗಳ ಬೆನ್ನಿಗಂಟಿಕೊಂಡು ಓಡಿಸುವುದನ್ನೂ, ಇಳಿಜಾರಿನಲ್ಲಿ ಎಂಜಿನ್ನನ್ನು ಆರಿಸುವುದನ್ನೂ ನಿಷೇಧಿಸಬೇಕು. ಉಳಿಸಿದ ಪೆಟ್ರೋಲಿಗಿಂತ ಪ್ರಾಣ ಬೆಲೆಯುಳ್ಳದ್ದು.

ನೂರಿಪ್ಪತ್ತು ಕೋಶಗಳ ಸರಪಣಿ

ಓಟವು ಮೇಳದ ಸೊಬಗು. ಅದರ ಜೀವಾಳ ಬೇರೆಡೆಯಲ್ಲಿದೆ. ಈ ಕಾರಿನ ಬ್ಯಾಟರಿಯಲ್ಲಿ, ಟಾರ್ಚಿನ ದಪ್ಪ ಸೆಲ್ಲಿನಷ್ಟೇ ಗಾತ್ರದ, 1.2 ವೋಲ್ಟುಗಳ 120 ಕೋಶಗಳು ಒಂದರ ಹಿಂದೊಂದು ಸರಣಿಯಾಗಿ ಜೋಡಿಸಲ್ಪಟ್ಟಿವೆ. ಸರಪಣಿಯ ಬಲವೆಂದರೆ ಅದರ ಅತಿ ದುರ್ಬಲ ಕೊಂಡಿಯ ಬಲ. ಒಂದು ಕೋಶ ಬೇಗ ಬರಿದಾದರೆ, ಉಳಿದ 119ರಲ್ಲಿ ವಿದ್ಯುತ್ತಿದ್ದರೂ ಅದನ್ನು ಬಳಸುವಂತಿಲ್ಲ. ಬಲವಂತವಾಗಿ ಬಳಸಿದರೆ ಬರಿದಾದ ಕೋಶದ ಧ್ರುವಗಳು ತಿರುವುಮುರುವಾಗಿ ಅದು ಮತ್ತಷ್ಟು ಕೆಡುತ್ತದೆ. ಆಗ ಕಾರಿನ ಮುಂದಿನ ಫಲಕದಲ್ಲಿ ಎಚ್ಚರಿಕೆಯ ದೀಪ ಹೊತ್ತುತ್ತದೆ. ಬ್ಯಾಟರಿ ಸತ್ತಿತೆಂದು ಬಗೆದು ಮಾಲೀಕನು ಕಾರನ್ನು ಗುಜರಿಗೆ ಹಾಕಲೂಬಹುದು.

ಎಷ್ಟೋ ಸಲ ಬ್ಯಾಟರಿ ಸತ್ತಿರುವುದಿಲ್ಲ. ಕೋಶಗಳ ನಡುವಿನ ಸಮತೆ ತಪ್ಪಿರುತ್ತದೆ, ಅಷ್ಟೆ. ಬಹು ಸಣ್ಣ ವಿದ್ಯುತ್ಪ್ರವಾಹವನ್ನು ಹಲವು ಗಂಟೆಗಳ ಕಾಲ ಹಾಯಿಸಿದರೆ ಹಿಂದುಳಿದ ಕೋಶಗಳು ತುಂಬಿಕೊಳ್ಳುತ್ತವೆ; ಮೊದಲೇ ತುಂಬಿದವು ಹೆಚ್ಚಿನ ಶಕ್ತಿಯನ್ನು ಶಾಖವಾಗಿ ಹೊರಚೆಲ್ಲುತ್ತವೆ. ಈ ಬಗೆಯ ಬ್ಯಾಟರಿಗೆ ಅಂಥ ಸಹನೆಯುಂಟು. ಈ ವಿದ್ಯೆಯನ್ನು ಮಾಲೀಕರು ವರ್ಷಗಟ್ಟಲೆಯ ಪ್ರಯೋಗದಿಂದ ಬೆಳೆಸಿಕೊಂಡಿದ್ದಾರೆ. ತಯಾರಿಕೆ ನಿಂತುಹೋದ ಯಂತ್ರದ ಮಟ್ಟಿಗೆ ಮಾಲೀಕರ ಕೈಗಳೇ ಗ್ರಂಥಾಲಯ. ಆ ಗ್ರಂಥಾಲಯ ತೆರೆಯುವುದು ಮೇಳದಲ್ಲಿ. ಅಲ್ಯೂಮಿನಿಯಮಿನ ಒಡಲಿನ ಡೊಂಕನ್ನು ತಿದ್ದುವುದೂ ಹೀಗೆಯೇ, ಕಂಡು ಕಲಿಯಬೇಕಾದ ಕೆಲಸ.

ಒಂದು ಎಚ್ಚರಿಕೆಯನ್ನು ಇಲ್ಲಿ ಹೇಳಲೇಬೇಕು. 144 ವೋಲ್ಟುಗಳ ನೇರ ವಿದ್ಯುತ್ತು ಮನುಷ್ಯನನ್ನು ಕೊಲ್ಲಬಲ್ಲದು. ಮುಖ್ಯ ಸ್ವಿಚ್ಚನ್ನು ಆರಿಸಿ, ಧಾರಕಗಳು ಬರಿದಾಗುವ ತನಕ ಕಾದು, ವಿದ್ಯುನ್ನಿರೋಧಕ ಕೈಚೀಲಗಳನ್ನು ತೊಟ್ಟು, ಬಲ್ಲವರ ಕಣ್ಣೆದುರಿನಲ್ಲಿ ಮಾತ್ರ ಈ ಕೆಲಸಕ್ಕೆ ಕೈಹಾಕಬೇಕು. ವಿದ್ಯಾರ್ಥಿಗಳು ಇದನ್ನು ತಾವೇ ಮಾಡಿ ನೋಡತಕ್ಕದ್ದಲ್ಲ.

ಬಾರದ ಕಾರುಗಳ ಲೆಕ್ಕ

ಮೇಳಕ್ಕೆ ಬಂದ ಪ್ರತಿಯೊಂದು ಕಾರಿನ ವಿವರವನ್ನೂ ಬರೆದಿಡಬೇಕು: ಯಾವ ವರ್ಷದ್ದು, ಎಷ್ಟು ದೂರ ಓಡಿದೆ, ಯಾವ ಹವೆಯ ಸೀಮೆಯದು, ಬ್ಯಾಟರಿ ಬದಲಾಗಿದೆಯೆ. ಆದರೆ ಈ ಪಟ್ಟಿಯನ್ನು ನೋಡಿ, ಈ ಕಾರುಗಳ ಬ್ಯಾಟರಿ ಎಷ್ಟು ಗಟ್ಟಿ ಎಂದು ಬೀಗಿದರೆ ಮೋಸಹೋದೆವು. ಕೆಟ್ಟುಹೋದ ಕಾರು ಮೇಳಕ್ಕೆ ಬರಲಾರದಷ್ಟೆ! ಎರಡನೆಯ ಮಹಾಯುದ್ಧದ ಕಾಲದಲ್ಲಿ ಏಬ್ರಹಾಂ ವಾಲ್ಡ್ ಎಂಬ ಸಂಖ್ಯಾಶಾಸ್ತ್ರಜ್ಞನು ಗುಂಡೇಟು ತಿಂದ ವಿಮಾನಗಳನ್ನು ಕುರಿತು ಇದೇ ವಿಚಾರವನ್ನು ಎತ್ತಿ ತೋರಿಸಿದನು. ಮರಳಿ ಬಂದ ವಿಮಾನಗಳ ಗಾಯಗಳನ್ನಷ್ಟೇ ಎಣಿಸಿದರೆ ಸಾಲದು. ಮರಳದ ವಿಮಾನಗಳಿಗೆ ಎಲ್ಲಿ ಪೆಟ್ಟು ಬಿದ್ದಿರಬೇಕೆಂಬುದನ್ನು ಊಹಿಸಬೇಕು. ಹಾಗೆಯೇ ಮೇಳದ ಯೋಜಕರು ಬಾರದ ಮಾಲೀಕರಿಗೂ ಪ್ರಶ್ನಾವಳಿಯನ್ನು ಕಳುಹಿಸಿ, ಕಾರು ಏಕೆ ನಿಂತಿತೆಂದು ಕೇಳಿ ತಿಳಿಯಬೇಕು. ಮೇಳದ ನೆರವು ನಿಜವಾಗಿ ಬೇಕಾದುದು ಅವರಿಗೆ.

ಖರ್ಚು ಗಿಟ್ಟುವುದೆ?

ಈಗ ನಮ್ಮ ಮೊದಲ ಸಂದೇಹಕ್ಕೆ ಬರೋಣ. ನೂರು ಕಾರುಗಳು ತಲಾ 1,000 ಕಿಲೋಮೀಟರ್ ದೂರದಿಂದ ಬಂದು ಹಿಂದಿರುಗಿದವೆನ್ನೋಣ. ಲೀಟರಿಗೆ 25 ಕಿಲೋಮೀಟರಿನಂತೆ ಪ್ರತಿಯೊಂದು ಕಾರಿಗೂ 80 ಲೀಟರ್. ಒಟ್ಟು 8,000 ಲೀಟರ್ ಪೆಟ್ರೋಲು ಖರ್ಚು. ಲೀಟರಿಗೆ ಸುಮಾರು 2.3 ಕಿಲೋಗ್ರಾಂನಂತೆ 18 ಟನ್ನಿಗೂ ಮಿಕ್ಕ ಇಂಗಾಲದ ಡೈಆಕ್ಸೈಡು ಗಾಳಿಗೆ ಸೇರಿತು. ಸಣ್ಣ ಸಾಲವಲ್ಲ.

ಇದನ್ನು ತೀರಿಸುವ ಬಗೆ ಹೇಗೆ? ವರ್ಷಕ್ಕೆ 15,000 ಕಿಲೋಮೀಟರ್ ಓಡುವ ಒಂದು ಇನ್‌ಸೈಟಿಗೆ, ಲೀಟರಿಗೆ 22.5 ಕಿಲೋಮೀಟರಿನ ಲೆಕ್ಕದಲ್ಲಿ, ಸುಮಾರು 667 ಲೀಟರ್ ಬೇಕು. ಅದು ಗುಜರಿಗೆ ಹೋಗಿ, ಲೀಟರಿಗೆ 11 ಕಿಲೋಮೀಟರ್ ಓಡುವ ಸಾಮಾನ್ಯ ಕಾರು ಅದರ ಜಾಗಕ್ಕೆ ಬಂದರೆ ಸುಮಾರು 1,364 ಲೀಟರ್ ಬೇಕು. ವ್ಯತ್ಯಾಸ ವರ್ಷಕ್ಕೆ ಹೆಚ್ಚುಕಡಮೆ 700 ಲೀಟರ್. ಎಂದರೆ, ಮೇಳದಲ್ಲಿ ಕಲಿತ ವಿದ್ಯೆಯಿಂದ ಹನ್ನೆರಡು ಕಾರುಗಳು ಇನ್ನೊಂದು ವರ್ಷ ರಸ್ತೆಯ ಮೇಲೆ ಉಳಿದರೆ ಮೇಳದ ಸಾಲ ತೀರಿತು. ಅದಕ್ಕಿಂತ ಹೆಚ್ಚು ಉಳಿದುದೆಲ್ಲ ಲಾಭ. ಬರಿಯ ಓಟ, ಊಟ, ಮೆರವಣಿಗೆಗಳಲ್ಲಿ ಎರಡು ದಿನ ಕಳೆದರೆ ಮಾತ್ರ 8,000 ಲೀಟರ್ ನಷ್ಟವೇ ಸರಿ. ಆದುದರಿಂದ ಕಾರ್ಯಕ್ರಮದ ಪಟ್ಟಿಯನ್ನು ಬರೆಯುವಾಗ ದುರಸ್ತಿಯ ಪಾಠಕ್ಕೆ ಮೊದಲ ದಿನವನ್ನೂ, ಓಟಕ್ಕೆ ಎರಡನೆಯ ದಿನವನ್ನೂ ಮೀಸಲಿಡುವುದು ಲೇಸೆಂದು ನಮ್ಮ ಅಭಿಪ್ರಾಯ.

ಇಂಥ ಮೇಳಗಳು ನಮಗೆ ತೀರ ಅಪರಿಚಿತವೇನೂ ಅಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತಾದರೂ, ಅಲ್ಲಿ ತಯಾರಾದ ಜಾವಾ, ಯೆಜ್ಡಿ ಮೋಟಾರ್ ಸೈಕಲುಗಳ ಗುಡುಗು ನಮ್ಮ ರಸ್ತೆಗಳಲ್ಲಿ ಅಡಗಲಿಲ್ಲ. ಜುಲೈ ತಿಂಗಳಿನಲ್ಲಿ ಆಚರಿಸುವ ಜಾವಾ ದಿನದಂದು ಅವುಗಳ ಮಾಲೀಕರು ಊರೂರಿನಲ್ಲಿ ಒಂದುಗೂಡುವುದುಂಟು. ಹಳೆಯ ಬಿಡಿಭಾಗ ಎಲ್ಲಿ ದೊರೆಯುವುದು, ಯಾವ ಊರಿನ ಮೇಸ್ತ್ರಿ ಅದರ ಮರ್ಮವನ್ನು ಬಲ್ಲನು ಎಂಬ ಮಾತು ಅಲ್ಲಿ ಒಬ್ಬರಿಂದೊಬ್ಬರಿಗೆ ದಾಟುತ್ತದೆ. ಹನಿಗೂಡಿದರೆ ಹಳ್ಳ ಎಂಬ ಗಾದೆಯು ನೀರಿಗೆ ಹೇಗೋ ಹಾಗೆ ಅನುಭವಕ್ಕೂ ಸಲ್ಲುತ್ತದೆ. ಕಾರ್ಖಾನೆಯು ಯಂತ್ರವನ್ನು ಒಮ್ಮೆ ಮಾತ್ರ ಹುಟ್ಟಿಸುತ್ತದೆ. ಆ ಮೇಲೆ ಅದು ಎಷ್ಟು ಕಾಲ ಬಾಳುವುದೆಂಬುದು, ಅದನ್ನು ಬಲ್ಲವರು ತಮ್ಮ ತಿಳಿವನ್ನು ಎಷ್ಟು ಮಂದಿಗೆ ಹಂಚಿದರೆಂಬುದರ ಮೇಲೆ ನಿಂತಿದೆ.